ಡೇನರ ಅಂಗಿಗೆ ‘ಸ್ಕರ್ಟಿ’ನಂಥ ಹೆಸರೇಕೆ?

ಪ್ರಶ್ನೆ: ಡೆನ್ಮಾರ್ಕಿನ ಜನ, ಅಂದರೆ ಡೇನರು, ತಮ್ಮ ಡ್ಯಾನಿಶ್ ಭಾಷೆಯಲ್ಲಿ ಅಂಗಿಗೆ ‘ಸ್ಕ್ಯೋರ್ಟೆ’ ಅನ್ನುತ್ತಾರಂತೆ. ಇಂಗ್ಲಿಷಿನ ‘ಸ್ಕರ್ಟ್’ ಪದವನ್ನೇ ತೆಗೆದುಕೊಂಡು ಅರ್ಥ ಬದಲಿಸಿಕೊಂಡರೇ?

ಇಲ್ಲ. ಇಲ್ಲಿ ಸಾಲ ಪಡೆದದ್ದು ಇಂಗ್ಲಿಷ್. ಡ್ಯಾನಿಶ್ ಪದದ ಹಳೆಯ ರೂಪ, ಡೇನರ ಪೂರ್ವಜರು ಆಡುತ್ತಿದ್ದ ನಾರ್ಸ್ ಭಾಷೆಯ ‘ಸ್ಕಿರ್ತ’. ಅದು ಮೇಲುಡುಪಿನ ಹೆಸರೇ ಆಗಿತ್ತು. ಡೇನರು ಅರ್ಥ ಬದಲಿಸಲೇ ಇಲ್ಲ.

ಹಳೆಯ ಇಂಗ್ಲಿಷಿನಲ್ಲೂ ಇದರ ಒಡಹುಟ್ಟು ಪದವೊಂದಿತ್ತು. ಆದರೆ ಅಲ್ಲಿ ಪದದ ಮೊದಲಿನ ‘ಸ್ಕ’ ಧ್ವನಿ ‘ಶ’ ಆಗಿ ಮೆದುವಾಯಿತು. ಹಳಗನ್ನಡದ ‘ಪಾಲ್’ ನಮ್ಮಲ್ಲಿ ‘ಹಾಲು’ ಆಗಿ, ತಮಿಳಿನಲ್ಲಿ ‘ಪಾಲ್’ ಆಗಿಯೇ ಉಳಿದ ಹಾಗೆ, ಇಂಗ್ಲಿಷಿನಲ್ಲಿ ಅದು ‘ಶರ್ಟ್’ ಆಯಿತು, ಡೇನರಲ್ಲಿ ‘ಸ್ಕ’ ಗಟ್ಟಿಯಾಗಿ ಉಳಿಯಿತು. ಕ್ರಿ.ಶ. 865ರಲ್ಲಿ ದೊಡ್ಡ ದಂಡು ಕಟ್ಟಿಕೊಂಡು ಬಂದ ಡೇನರು ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆನಿಂತಾಗ ಅವರ ಮಾತೂ ಅಲ್ಲಿ ಬೇರೂರಿತು. ಇಂಗ್ಲಿಷಿನ ‘ಸ್ಕೈ’, ‘ಸ್ಕಿನ್’, ‘ಸ್ಕಿಲ್’ ಎಲ್ಲವೂ ನಾರ್ಸ್‌ನ ಕೊಡುಗೆಗಳೇ. ‘ಸ್ಕರ್ಟ್’ ಕೂಡ ಹಾಗೇ ಬಂತು. ಆಗಿನ ಅಂಗಿ ಉದ್ದನೆಯ ನಿಲುವಂಗಿ. ಮನೆಯಲ್ಲಿ ‘ಶರ್ಟ್’ ಆಗಲೇ ಇದ್ದುದರಿಂದ, ಹೊರಗಿನಿಂದ ಬಂದ ಪದ ಇಂಗ್ಲಿಷಿನಲ್ಲಿ ಉಡುಪಿನ ಕೆಳಭಾಗಕ್ಕೆ ಇಳಿಯಿತು.

ಇವೆಲ್ಲದರ ಬೇರು ‘ಕತ್ತರಿಸು’ ಎಂಬರ್ಥದ ಪ್ರಾಚೀನ ಇಂಡೋ-ಯುರೋಪಿಯನ್ (ಸಂಸ್ಕೃತಕ್ಕೂ ಯುರೋಪಿನ ಹಲವು ಭಾಷೆಗಳಿಗೂ ಮೂಲವಾದ ಭಾಷೆಯ) ಧಾತು. ಕತ್ತರಿಸಿದ್ದು ಗಿಡ್ಡ, ಇಂಗ್ಲಿಷಿನ ‘ಶಾರ್ಟ್’ ಹುಟ್ಟಿದ್ದೂ ಅಲ್ಲಿಂದಲೇ. ನನಗೆ ಈ ಕಥೆಯಲ್ಲಿ ತುಂಬ ಹಿಡಿಸುವುದು ಇದರ ಇನ್ನೊಂದು ಕವಲು: ಸಂಸ್ಕೃತದ ‘ಕೃತ್’ ಧಾತುವೂ ಅದೇ ಬೇರಿನದು. ನಮ್ಮೂರಿನ ಕ್ಷೌರದಂಗಡಿಯ ಮೇಲೆ ‘ಕೇಶಕರ್ತನಾಲಯ’ ಎಂಬ ಬೋರ್ಡು ಕಂಡರೆ, ಆ ‘ಕರ್ತನ’ ಡೇನರ ಅಂಗಿಗೆ ದೂರದ ನೆಂಟ.

ಆ ಕಾಲದ ಅಂಗಿ ಹೇಗಿತ್ತೆಂದು ಊಹಿಸುತ್ತಲೇ ಕೂರಬೇಕಿಲ್ಲ. ಡೆನ್ಮಾರ್ಕಿನ ವೀಬೋರ್ ಪಟ್ಟಣದ ಉತ್ಖನನದಲ್ಲಿ 11ನೇ ಶತಮಾನದ ನಾರುಬಟ್ಟೆಯ (ಲಿನನ್) ಅಂಗಿಯೊಂದು ಸಿಕ್ಕಿದೆ. ಲಿನನ್ ಮಣ್ಣಿನಲ್ಲಿ ಬೇಗ ಕೊಳೆತುಹೋಗುವುದರಿಂದ ಇದು ಬಹಳ ಅಪರೂಪ.

ಹಾಗಾದರೆ ಸ್ಕರ್ಟಿಗೆ ಡೇನರು ಏನನ್ನುತ್ತಾರೆ? ದಿನಬಳಕೆಯ ಪದ ‘ನೆಡರ್‌ಡೇಲ್’, ಅಂದರೆ ಕೆಳಭಾಗ. ‘ಸ್ಕರ್ಟ್’ ಅನ್ನೇ ಹೋಲುವ ‘ಸ್ಕೊರ್ಟ್’ ಎಂಬುದೂ ಇದೆ. ಅದು ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ಭಾಷೆಯಿಂದ ಬಂದದ್ದು. ಮೂಲದಲ್ಲಿ ಅಡುಗೆಯವರು ಸೊಂಟಕ್ಕೆ ಕಟ್ಟಿಕೊಳ್ಳುವಂಥ ಏಪ್ರನ್ನಿನ ಹೆಸರು, ಬೇರು ಮಾತ್ರ ಅದೇ. ಇತ್ತೀಚೆಗೆ ಇಂಗ್ಲಿಷಿನಿಂದ ‘ಟೀ-ಶರ್ಟ್’, ‘ಶಾರ್ಟ್ಸ್’ ಕೂಡ ಡ್ಯಾನಿಶ್‌ಗೆ ಸೇರಿವೆ. ಅಲ್ಲಿಗೆ ಈ ಒಂದೇ ಬೇರಿನ ನಾಲ್ಕು ಉಡುಪುಗಳು ಡೇನರ ಬಟ್ಟೆಬೀರುವಿನಲ್ಲಿವೆ.