ತೇಪೆ ಹಾಕಿದ ಮೇಲೆ ಗೆದ್ದ ಜಾಂಬಿ ಸಿನಿಮಾ

‘ವರ್ಲ್ಡ್ ವಾರ್ ಝಡ್’ ನೋಡಿದವರಿಗೆ ಒಂದು ಅನುಮಾನ ಬಂದೇ ಇರುತ್ತದೆ. ಸಿನಿಮಾದ ಬಹುಪಾಲು ಬರೀ ಗದ್ದಲ. ಊರಿಗೆ ಊರೇ ಓಡುತ್ತದೆ. ಜೆರುಸಲೇಮಿನ ಗೋಡೆಗೆ ಜಾಂಬಿಗಳು ಇರುವೆಗಳ ಹಾಗೆ ಒಂದರ ಮೇಲೊಂದು ಹತ್ತುತ್ತವೆ. ಆಮೇಲೆ ವಿಮಾನ ಬೀಳುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಪಿಸುಮಾತು. ವೇಲ್ಸ್‌ನ ಒಂದು ಲ್ಯಾಬ್, ಬಿಳಿ ಗೋಡೆಯ ಕಾರಿಡಾರ್, ಬೆಕ್ಕಿನ ಹೆಜ್ಜೆ ಇಡುವ ಮೂವರು. ಒಂದು ಸಣ್ಣ ಸದ್ದಾದರೂ ಎದೆ ಧಸಕ್ ಅನ್ನುತ್ತದೆ. ಇದೇನು, ಬೇರೆ ಸಿನಿಮಾ ಶುರುವಾಯ್ತಾ?

ಒಂದರ್ಥದಲ್ಲಿ ಹೌದು. ಆ ಕೊನೆಯ ಭಾಗವನ್ನು ಬರೆದದ್ದೇ ಸಿನಿಮಾದ ಶೂಟಿಂಗ್ ಒಮ್ಮೆ ಮುಗಿದ ಮೇಲೆ.

ಕಥೆ ಶುರುವಾಗುವುದು 2006ರಲ್ಲಿ ಬಂದ ಮ್ಯಾಕ್ಸ್ ಬ್ರೂಕ್ಸ್ ಕಾದಂಬರಿಯಿಂದ. ಅದರಲ್ಲಿ ನಾಯಕ ಅಂತ ಯಾರೂ ಇಲ್ಲ. ಜಾಂಬಿ ಯುದ್ಧ ಮುಗಿದಿದೆ, ಬದುಕಿ ಉಳಿದವರನ್ನು ಒಬ್ಬ ದೇಶ ದೇಶ ಸುತ್ತಿ ಮಾತಾಡಿಸುತ್ತಾನೆ, ಅಷ್ಟೇ. ಸರ್ಕಾರಗಳು ಹೇಗೆ ಸುಳ್ಳು ಹೇಳಿದವು, ಸೈನ್ಯ ಹೇಗೆ ಸೋತಿತು ಎಂಬುದು ಅವರ ಬಾಯಲ್ಲೇ ಬರುತ್ತದೆ. ಅಲ್ಲಿನ ಜಾಂಬಿಗಳು ನಿಧಾನವಾಗಿ ನಡೆಯುತ್ತವೆ, 1968ರಲ್ಲಿ ನಿರ್ದೇಶಕ ಜಾರ್ಜ್ ರೊಮೆರೊ ತಮ್ಮ ಜಾಂಬಿ ಚಿತ್ರದಲ್ಲಿ ಹಾಕಿಕೊಟ್ಟ ದಾರಿಯಲ್ಲೇ.

ಬ್ರಾಡ್ ಪಿಟ್ ಅವರ ಪ್ಲಾನ್ ಬಿ ಸಂಸ್ಥೆ ಕಾದಂಬರಿಯ ಹಕ್ಕು ಪಡೆಯಿತು. ಅದಕ್ಕೆ ಲಿಯೊನಾರ್ಡೊ ಡಿಕಾಪ್ರಿಯೊ ಅವರ ಸಂಸ್ಥೆಯ ಜೊತೆ ಪೈಪೋಟಿಯೂ ನಡೆದಿತ್ತು. ಆದರೆ ಬರೀ ಸಂದರ್ಶನಗಳನ್ನು ಬೇಸಿಗೆ ರಜೆಯ ದೊಡ್ಡ ಸಿನಿಮಾ ಮಾಡುವುದು ಹೇಗೆ? ಮೊದಲು ಜೆ. ಮೈಕಲ್ ಸ್ಟ್ರಾಜಿನ್‌ಸ್ಕಿ ಬರೆದರು, ಆಮೇಲೆ ಮ್ಯಾಥ್ಯೂ ಮೈಕಲ್ ಕಾರ್ನಹನ್ ತಿದ್ದಿ ಬರೆದರು. ಕೊನೆಗೆ ಉಳಿದದ್ದು ಒಬ್ಬ ನಾಯಕ, ಅವನ ಸಂಸಾರ, ಓಡುವ ಜಾಂಬಿಗಳು. ಓಟವೇನೂ ಇವರ ಆವಿಷ್ಕಾರವಲ್ಲ. 2002ರ ‘28 ಡೇಸ್ ಲೇಟರ್’ ಚಿತ್ರದ ಸೋಂಕಿತರು ಆಗಲೇ ಓಡಿದ್ದರು. ಕಾದಂಬರಿಗೂ ಸಿನಿಮಾಕ್ಕೂ ಹೆಸರು ಬಿಟ್ಟರೆ ನಂಟಿಲ್ಲ ಎಂದು ಬ್ರೂಕ್ಸ್ ಅವರೇ ಹೇಳಿದ್ದುಂಟು. ಓದುಗರ ಸಿಟ್ಟು ನನಗೆ ಅರ್ಥವಾಗುತ್ತದೆ. ಪುಸ್ತಕದ ನಿಜವಾದ ಖಾರ ಅದರ ರಾಜಕೀಯದಲ್ಲಿತ್ತು. ಅಲ್ಲಿ ರೋಗ ಹುಟ್ಟುವುದು ಚೀನಾದಲ್ಲಿ. ಸಿನಿಮಾದಲ್ಲಿ ಆ ಮಾತನ್ನು ತೆಗೆಯುವಂತೆ ಸ್ಟುಡಿಯೋ ಪ್ಯಾರಾಮೌಂಟ್ ಸೂಚಿಸಿತ್ತು ಎಂದು 2013ರಲ್ಲಿ ವರದಿಯಾಯಿತು. ಅಷ್ಟು ದೊಡ್ಡ ಮಾರುಕಟ್ಟೆಯನ್ನು ಯಾರು ಎದುರು ಹಾಕಿಕೊಳ್ಳುತ್ತಾರೆ, ಅಲ್ವಾ?

2011ರಲ್ಲಿ ಮಾರ್ಕ್ ಫೋರ್ಸ್ಟರ್ ನಿರ್ದೇಶನದಲ್ಲಿ ಶೂಟಿಂಗ್ ಶುರುವಾಯಿತು. ಮಾಲ್ಟಾ ಜೆರುಸಲೇಮ್ ಆಯಿತು, ಸ್ಕಾಟ್ಲೆಂಡಿನ ಗ್ಲಾಸ್ಗೋ ಅಮೆರಿಕದ ಫಿಲಡೆಲ್ಫಿಯಾ ಆಯಿತು. ಬುಡಾಪೆಸ್ಟ್‌ನಲ್ಲಂತೂ ಚಿತ್ರತಂಡ ತರಿಸಿದ್ದ ಬಂದೂಕುಗಳನ್ನು ಹಂಗೇರಿಯ ಭಯೋತ್ಪಾದನೆ ನಿಗ್ರಹ ಪೊಲೀಸರು ಬಂದು ವಶಪಡಿಸಿಕೊಂಡರು. ಅವು ನಿಜವಾಗಿಯೂ ಗುಂಡು ಹಾರಿಸಬಲ್ಲವು ಎಂಬುದು ಅವರ ತಕರಾರು.

ನಿಜವಾದ ತಲೆನೋವು ಎಡಿಟಿಂಗ್ ಟೇಬಲ್ಲಿನ ಮುಂದೆ ಶುರುವಾಯಿತು. ಮೊದಲ ಕ್ಲೈಮ್ಯಾಕ್ಸ್ ರಷ್ಯಾದಲ್ಲಿತ್ತು. ವಿಮಾನ ಮಾಸ್ಕೋದಲ್ಲಿ ಇಳಿಯುತ್ತದೆ, ನಾಯಕ ಗೆರಿಯನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸುತ್ತಾರೆ, ಅವನು ಹಿಮದಲ್ಲಿ ಜಾಂಬಿಗಳನ್ನು ಕಡಿಯುತ್ತಾ ಕಲ್ಲಾಗುತ್ತಾನೆ. ದೊಡ್ಡ ಯುದ್ಧವೇನೋ ಇತ್ತು. ಆದರೆ ನೋಡಿದವರಿಗೆ ಮನಸ್ಸು ತಟ್ಟಲಿಲ್ಲ. ಆಗ ಕರೆಸಿದ್ದು ಚಿತ್ರಕಥೆಗಾರ ಡೇಮನ್ ಲಿಂಡೆಲಾಫ್ ಅವರನ್ನು. ಅವರು ಎರಡು ದಾರಿ ಹೇಳಿದರು: ಇರುವುದನ್ನೇ ಅಲ್ಲಲ್ಲಿ ಸರಿಮಾಡುವುದು, ಇಲ್ಲವೇ ಕೊನೆಯ ಭಾಗವನ್ನು ಎಸೆದು ಹೊಸದಾಗಿ ತೆಗೆಯುವುದು. ದುಬಾರಿಯಾದ ಎರಡನೆಯದನ್ನೇ ಸ್ಟುಡಿಯೋ ಆರಿಸಿತು. ಡ್ರೂ ಗಾಡರ್ಡ್ ಜೊತೆ ಸೇರಿ ಹೊಸ ಕೊನೆ ಬರೆಯಲಾಯಿತು. 2012ರ ಡಿಸೆಂಬರ್‌ಗೆ ಬರಬೇಕಿದ್ದ ಚಿತ್ರ 2013ರ ಜೂನ್‌ಗೆ ಹೋಯಿತು.

ಬಿಡುಗಡೆಗೂ ಮುಂಚೆಯೇ ‘ಮುಳುಗುವ ಹಡಗು’ ಅಂತ ಎಲ್ಲರೂ ಬರೆದಾಗಿತ್ತು. ಆದರೆ ತೇಪೆಯೇ ಬಟ್ಟೆಗಿಂತ ಗಟ್ಟಿಯಾಯಿತು. ಆ ಲ್ಯಾಬಿನ ದೃಶ್ಯಗಳಲ್ಲಿ ಗ್ರಾಫಿಕ್ಸ್ ಕಡಿಮೆ, ಭಯ ಜಾಸ್ತಿ. ಗಾಜಿನಾಚೆ ಹಲ್ಲು ಕಟಕಟಿಸುತ್ತಾ ನಿಂತ ಒಂದೇ ಒಂದು ಜಾಂಬಿ, ಗೋಡೆ ಹತ್ತಿದ ಸಾವಿರ ಜಾಂಬಿಗಳಿಗಿಂತ ಹೆಚ್ಚು ಕಾಡುತ್ತದೆ. ಹಾಗಂತ ಮೊದಲ ಭಾಗ ಪೂರ್ತಿ ಪೊಳ್ಳೇನಲ್ಲ. ಬಾಯಿಗೆ ಸೋಂಕಿತರ ರಕ್ತ ಸಿಡಿದಾಗ ಗೆರಿ ಓಡಿಹೋಗಿ ಕಟ್ಟಡದ ತುದಿಯಲ್ಲಿ ನಿಂತು ಸೆಕೆಂಡು ಎಣಿಸುತ್ತಾನೆ. ತಾನು ಜಾಂಬಿಯಾದರೆ ಹೆಂಡತಿ ಮಕ್ಕಳ ಮೇಲೆ ಬೀಳುವ ಬದಲು ಕೆಳಗೆ ಬೀಳಲಿ ಎಂದು. ಮಾತಿಲ್ಲ, ಕಣ್ಣೀರಿಲ್ಲ. ನನ್ನ ಪ್ರಕಾರ ಇಡೀ ಚಿತ್ರದ ಅತ್ಯುತ್ತಮ ಕ್ಷಣ ಅದು.

ಹೊಲಿಗೆ ಬಿಟ್ಟ ಜಾಗಗಳೂ ಕಾಣುತ್ತವೆ. ಹೆಂಡತಿ ಕ್ಯಾರಿನ್ ಪಾತ್ರಕ್ಕೆ ಫೋನ್ ಹಿಡಿದು ಕಾಯುವುದೇ ಕೆಲಸವಾಗಿದೆ, ರಷ್ಯಾ ಕಥೆಯ ಜೊತೆ ಅವಳ ಕಥೆಯೂ ಕತ್ತರಿಗೆ ಬಿತ್ತು. ‘ಲಾಸ್ಟ್’ ಧಾರಾವಾಹಿಯ ತಾರೆ ಮ್ಯಾಥ್ಯೂ ಫಾಕ್ಸ್ ಹೆಲಿಕಾಪ್ಟರಿನಲ್ಲಿ ಹೀಗೆ ಬಂದು ಹಾಗೆ ಮಾಯ! ಹದಿಹರೆಯದವರಿಗೂ ಟಿಕೆಟ್ ಸಿಗಲಿ ಎಂದು ರಕ್ತವನ್ನೆಲ್ಲ ಫ್ರೇಮಿನಿಂದ ಆಚೆ ಇಟ್ಟರು. ಹಾಗಾಗಿ ಜಾಂಬಿ ಸಿನಿಮಾದಲ್ಲಿ ಕಚ್ಚುವುದೇ ಸರಿಯಾಗಿ ಕಾಣುವುದಿಲ್ಲ. ಮಾರಕ ರೋಗವಿದ್ದವರನ್ನು ಜಾಂಬಿಗಳು ಮುಟ್ಟುವುದಿಲ್ಲ ಎಂಬ ಪರಿಹಾರ ಚೆನ್ನಾಗಿದೆ. ಆದರೆ ರೋಗಾಣುವಿನ ಸೂಜಿ ಚುಚ್ಚಿಕೊಂಡ ಕೆಲವೇ ನಿಮಿಷಕ್ಕೆ ಅದು ಕೆಲಸ ಮಾಡುವುದೆಂದರೆ? ಅದರ ಬೆನ್ನಿಗೇ ನಾಯಕ ಯಂತ್ರದಿಂದ ಪೆಪ್ಸಿ ತೆಗೆದು ಕುಡಿಯುತ್ತಾನೆ. ಜಗತ್ತು ಮುಳುಗಿದರೂ ಜಾಹೀರಾತು ಮುಳುಗುವುದಿಲ್ಲ.

ಇಷ್ಟಾದರೂ ಚಿತ್ರ ಸುಮಾರು 54 ಕೋಟಿ ಡಾಲರ್ ಗಳಿಸಿತು. ಎರಡನೇ ಭಾಗಕ್ಕೆ ನಿರ್ದೇಶಕರಾಗಿ ಡೇವಿಡ್ ಫಿಂಚರ್ ಹೆಸರು ಬಂದು, ವರ್ಷಗಟ್ಟಲೆ ಮಾತು ನಡೆದು, 2019ರಲ್ಲಿ ಎಲ್ಲ ನಿಂತುಹೋಯಿತು.

ಮತ್ತೊಮ್ಮೆ ನೋಡುವುದಾದರೆ ಕೊನೆಯಲ್ಲಿ ಗೆರಿಯ ಮಾತು ಹಿನ್ನೆಲೆಯಲ್ಲಿ ಕೇಳುವಾಗ ಕಣ್ಣು ಮಿಟುಕಿಸಬೇಡಿ. ಎಸೆದುಬಿಟ್ಟ ಮಾಸ್ಕೋ ಯುದ್ಧದ ತುಣುಕುಗಳು ಅಲ್ಲಿ ಕೆಲವು ಸೆಕೆಂಡು ಹಾದುಹೋಗುತ್ತವೆ.