ಟ್ಯಾಂಕರ್ ಹಿಂದಿನ 1203: ಅಪಾಯಕಾರಿ ವಸ್ತುಗಳ ವರ್ಗೀಕರಣ

ಶಿರಾಡಿ ಘಾಟಿಯಲ್ಲಿ ಪೆಟ್ರೋಲ್ ಟ್ಯಾಂಕರಿನ ಹಿಂದೆ ಬಸ್ಸು ತೆವಳುವಾಗ ಅದರ ಬೆನ್ನಿನ ಫಲಕವನ್ನು ಓದಿ ನೋಡಿ. ಇಂಗ್ಲಿಷ್ ಅಕ್ಷರಗಳಲ್ಲಿ 3ವೈಇ, ಅದರ ಕೆಳಗೆ 1203, ಪಕ್ಕದಲ್ಲಿ ಮೂಲೆಯ ಮೇಲೆ ನಿಲ್ಲಿಸಿದ ಕೆಂಪು ಚೌಕ, ಒಳಗೆ ಜ್ವಾಲೆ, ಅದರ ತಳದಲ್ಲಿ ಮತ್ತೊಂದು 3. ನಮ್ಮ ಪಾಠದ ಅರ್ಧ ಭಾಗ ಅಲ್ಲೇ ಇದೆ.

1203 ಎನ್ನುವುದು ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಪೆಟ್ರೋಲಿನ ಸಂಖ್ಯೆ. ಡೀಸೆಲ್‌ಗೆ 1202, ಅಡುಗೆ ಅನಿಲಕ್ಕೆ 1075, ಕ್ಲೋರಿನ್‌ಗೆ 1017. ಎರಡು 3ಗಳನ್ನು ಮಾತ್ರ ಬೆರೆಸಬೇಡಿ, ನಾನು ಬಹಳ ದಿನ ಬೆರೆಸಿದ್ದೆ. ಚೌಕದ ತಳದ 3 ವಸ್ತುವಿನ ವರ್ಗ: ದಹನಶೀಲ ದ್ರವ. ಮೇಲಿನ 3 ಅಗ್ನಿಶಾಮಕ ಸಿಬ್ಬಂದಿಗೆ ಹೇಳಿದ ಮಾತು: ನೊರೆ ಬಳಸಿ. ‘ವೈ’ ಎಂದರೆ ಚೆಲ್ಲಿದ್ದು ಚರಂಡಿಗೆ ಹರಿಯದಂತೆ ತಡೆಯಬೇಕು, ‘ಇ’ ಎಂದರೆ ಸುತ್ತಲಿನ ಜನರನ್ನು ತೆರವುಗೊಳಿಸುವ ಯೋಚನೆ ಮಾಡಬೇಕು.

ವರ್ಗಗಳು ಒಟ್ಟು 9. ಸ್ಫೋಟಕ, ಅನಿಲ, ದಹನಶೀಲ ದ್ರವ, ದಹನಶೀಲ ಘನ, ಉತ್ಕರ್ಷಕ (ಆಮ್ಲಜನಕ ಒದಗಿಸಿ ಬೆಂಕಿ ಹೆಚ್ಚಿಸುವಂಥದ್ದು), ವಿಷ ಮತ್ತು ಸೋಂಕುಕಾರಕ, ವಿಕಿರಣಶೀಲ, ಕ್ಷಯಕಾರಿ (ಚರ್ಮ, ಲೋಹಗಳನ್ನು ತಿನ್ನುವಂಥದ್ದು), ಕೊನೆಗೆ ಇವುಗಳಲ್ಲಿ ಎಲ್ಲೂ ಸೇರದವು. ಈ ಅಂಕೆಗಳು ತೀವ್ರತೆಯ ಶ್ರೇಣಿಯಲ್ಲ. 1ನೇ ವರ್ಗ 8ಕ್ಕಿಂತ ಅಪಾಯಕಾರಿ ಎಂದು ಯಾರೂ ಹೇಳಿಲ್ಲ. ತೀವ್ರತೆ ತಿಳಿಯಬೇಕಾದರೆ ಹಲವು ವರ್ಗಗಳಲ್ಲಿ ಪ್ಯಾಕಿಂಗ್ ಗುಂಪು, ಅಂದರೆ ಅಪಾಯದ ಮಟ್ಟ ಹೇಳುವ ಮೂರು ದರ್ಜೆ, ನೋಡಬೇಕು. ಅಲ್ಲಿ ಮೊದಲನೆಯದೇ ಅತ್ಯಂತ ಅಪಾಯದ್ದು. 4ನೇ ವರ್ಗದ ಮೂರು ಉಪವರ್ಗಗಳೂ ಗಮನಕ್ಕೆ ಅರ್ಹ. ವೆಲ್ಡಿಂಗ್ ಅಂಗಡಿಯ ಕ್ಯಾಲ್ಸಿಯಂ ಕಾರ್ಬೈಡ್ 4.3ರಲ್ಲಿದೆ. ನೀರು ತಾಗಿದರೆ ಅದು ಅಸಿಟಿಲೀನ್ ಅನಿಲ ಬಿಡುತ್ತದೆ. ಅದಕ್ಕೆ ಬೆಂಕಿ ಹತ್ತಿದಾಗ ಬಿಂದಿಗೆ ಹಿಡಿದು ಓಡಿದರೆ ಬೆಂಕಿಗೆ ನಾವೇ ಮೇವು ಹಾಕಿದಂತೆ.

ವರ್ಗವನ್ನು ನಿರ್ಧರಿಸುವುದು ನಮ್ಮ ಭಯವಲ್ಲ, ಅಳತೆ. ಬಂಕಿನಲ್ಲಿ ಬೈಕಿನ ಟ್ಯಾಂಕಿನ ಬಾಯಿಯ ಮೇಲೆ ಬಿಸಿಲಲ್ಲಿ ಗಾಳಿ ನಡುಗುವುದು ಕಾಣುತ್ತದಲ್ಲ, ಅದು ಆವಿ. ಉರಿಯುವುದು ಆ ಆವಿಯೇ ಹೊರತು ದ್ರವವಲ್ಲ. ಕಿಡಿ ತಾಗಿದರೆ ಫಕ್ಕನೆ ಹೊತ್ತಿಕೊಳ್ಳುವಷ್ಟು ಆವಿ ಯಾವ ಕನಿಷ್ಠ ಉಷ್ಣತೆಯಲ್ಲಿ ಏಳುತ್ತದೋ ಅದೇ ಫ್ಲಾಶ್ ಪಾಯಿಂಟ್. ಸಾಗಣೆಯ ನಿಯಮದಲ್ಲಿ ಅದು ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ 3ನೇ ವರ್ಗ. ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ, ಅಂದರೆ ನಮ್ಮ ನಾಡಿನ ಯಾವ ಚಳಿಯಲ್ಲೂ ಅದು ಹೊತ್ತಿಕೊಳ್ಳಲು ಸಿದ್ಧ. ಭಾರತದ ಪೆಟ್ರೋಲಿಯಂ ನಿಯಮಗಳು ಬೇರೆ ಗೆರೆ ಎಳೆಯುತ್ತವೆ: 23 ಡಿಗ್ರಿಗಿಂತ ಕಡಿಮೆಯಾದರೆ ‘ಎ’, ಅಲ್ಲಿಂದ 65ರೊಳಗೆ ‘ಬಿ’, 65ರಿಂದ 93ರೊಳಗೆ ‘ಸಿ’. ಹಾಗಾಗಿ ಉತ್ತರ ಬರೆಯುವಾಗ ಯಾವ ನಿಯಮದ ಪ್ರಕಾರ ಎಂದು ಮೊದಲು ಬರೆಯಿರಿ.

ಇನ್ನೊಂದು ತೊಡಕಿನ ಪ್ರಶ್ನೆ ಮೀಥೈಲ್ ಐಸೊಸಯನೇಟ್‌ನದು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಸೋರಿದ್ದು ಇದೇ. ನಾವೆಲ್ಲ ‘ಅನಿಲ ದುರಂತ’ ಎಂದೇ ಕೇಳಿ ಬೆಳೆದವರು, ಆದ್ದರಿಂದ 2ನೇ ವರ್ಗ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ವರ್ಗೀಕರಣದ ಪ್ರಕಾರ 20 ಡಿಗ್ರಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ ಪೂರ್ತಿ ಅನಿಲವಾಗಿರಬೇಕು, ಇಲ್ಲವೇ 50 ಡಿಗ್ರಿಯಲ್ಲಿ ಆವಿಯ ಒತ್ತಡ 300 ಕಿಲೋಪಾಸ್ಕಲ್ ಮೀರಬೇಕು. ಇದು ಕುದಿಯುವುದೇ ಸುಮಾರು 39 ಡಿಗ್ರಿಯಲ್ಲಿ. ಎರಡೂ ಷರತ್ತಿಗೆ ಸಿಗುವುದಿಲ್ಲ. ದ್ರವವೇ ಸರಿ. ಬೇಗ ಹೊತ್ತಿಕೊಳ್ಳುವ ಗುಣ ಇದ್ದರೂ ಉಸಿರಿಗೆ ಅದರ ವಿಷ ಅಷ್ಟು ಘೋರವಾದ್ದರಿಂದ ಮುಖ್ಯ ವರ್ಗ 6.1, ಬೆಂಕಿಯ 3 ಉಪ ಅಪಾಯ, ಪ್ಯಾಕಿಂಗ್ ಗುಂಪು ಒಂದು. ಆ ರಾತ್ರಿ ತೊಟ್ಟಿಗೆ ನೀರು ಸೇರಿ, ಒಳಗೆ ಕಾವು ಏರಿ, ದ್ರವ ಕುದಿದು ಆವಿಯಾಗಿ ಮಲಗಿದ್ದ ಊರಿನ ಮೇಲೆ ಹರಡಿತು.