ಹಳೇ ಲೆನ್ಸಿಗೆ ನೆರಳು ಕೊಡಿ

ಚಿತ್ರದುರ್ಗದ ಕೋಟೆಯಲ್ಲಿ ಬೆಳಿಗ್ಗೆ ಹನ್ನೊಂದರ ಬಿಸಿಲಿಗೆ, ಫಿಲ್ಮ್ ಕಾಲದ ಅಗ್ಗದ ಲೆನ್ಸ್ ಹಾಕಿಕೊಂಡು ಒಂದು ಚಿತ್ರ ತೆಗೆಯಿರಿ. ಮೇಲೆ ಬೆಳ್ಳನೆಯ ಆಕಾಶ, ಕೆಳಗೆ ಬಂಡೆ. ಬಂಡೆಯ ಸಂದಿಯ ಕಪ್ಪೆಲ್ಲ ಬೂದಿಬಣ್ಣಕ್ಕಿಳಿದು, ಚಿತ್ರದ ಮೇಲೆ ನೀರು ಮಜ್ಜಿಗೆ ಚೆಲ್ಲಿದ ಹಾಗಿರುತ್ತದೆ. ‘ಲೆನ್ಸ್ ಹೋಗಿದೆ’ ಎಂದು ಪೆಟ್ಟಿಗೆಗೆ ಸೇರಿಸುವವರೇ ಹೆಚ್ಚು. ಬಹಳಷ್ಟು ಸಲ ಲೆನ್ಸ್ ಚೆನ್ನಾಗಿಯೇ ಇರುತ್ತದೆ. ಬೇಡದ ಕಡೆಯ ಬೆಳಕು ಅದರ ಮುಖಕ್ಕೆ ಬಿದ್ದಿರುತ್ತದೆ, ಅಷ್ಟೆ.

ಬೆಳಕು ಗಾಳಿಯಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟುವಾಗ ಪ್ರತಿ ಸಲವೂ ಅದರ ಸುಮಾರು 4% ಹಿಂದಕ್ಕೆ ಪುಟಿಯುತ್ತದೆ. ಸೋವಿಯತ್ ಒಕ್ಕೂಟದ ಹೀಲಿಯೋಸ್ 44-2 ಲೆನ್ಸನ್ನೇ ನೋಡಿ: ಫೋಕಲ್ ಲೆಂತ್ 58 ಮಿ.ಮೀ., ಅಪರ್ಚರ್ (ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದರೆ ಎಫ್/2, ಜರ್ಮನಿಯ ಜೈಸ್ ಬಯೋಟಾರ್ ವಿನ್ಯಾಸದ್ದು. ಆರು ಗಾಜು, ಕೆಲವನ್ನು ಒಂದಕ್ಕೊಂದು ಅಂಟಿಸಿ ನಾಲ್ಕು ಗುಂಪು, ಅಂದರೆ ಗಾಳಿಗೆ ತೆರೆದ ಎಂಟು ಮೇಲ್ಮೈ. ಲೇಪವೇ ಇಲ್ಲದಿದ್ದರೆ ಕಾಲು ಭಾಗಕ್ಕೂ ಹೆಚ್ಚು ಬೆಳಕು ದಾರಿಯಲ್ಲೇ ದಿಕ್ಕು ತಪ್ಪುತ್ತಿತ್ತು. ಇದಕ್ಕೆ 1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಲೇಪದ ಉಪಾಯ ಕಂಡುಹಿಡಿದರು. ಗಾಜಿನ ಮೇಲೆ ಸುಮಾರು 100 ನ್ಯಾನೋಮೀಟರ್ ದಪ್ಪದ ಮೆಗ್ನೀಸಿಯಂ ಫ್ಲೋರೈಡ್ ಪದರ ಕೂರಿಸಿದರೆ, ಪದರದ ಮೇಲಿನಿಂದ ಪುಟಿದ ಅಲೆಯೂ ತಳದಿಂದ ಪುಟಿದ ಅಲೆಯೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಆದರೆ ಒಂದೇ ಪದರ ಒಂದೇ ಬಣ್ಣಕ್ಕೆ ಸರಿಹೊಂದುತ್ತದೆ. ಹಸಿರಿಗೆ ಹೊಂದಿಸಿದರೆ ಕೆಂಪು, ನೀಲಿ ಸ್ವಲ್ಪ ತಪ್ಪಿಸಿಕೊಳ್ಳುತ್ತವೆ. ಹಳೇ ಲೆನ್ಸಿನ ಮುಖ ನೇರಳೆಯಾಗಿ ಹೊಳೆಯುವುದು ಇದರಿಂದಲೇ. ಹೀಗೆ ಪುಟಿದ ಬೆಳಕು ಕೊಳವೆಯೊಳಗೆ ಅಲೆದಾಡಿ, ಕೊನೆಗೆ ಇಡೀ ಚಿತ್ರದ ಮೇಲೆ ಮಂಜಾಗಿ ಕೂರುತ್ತದೆ. ಇಂದಿನ ಬಹುಪದರದ ಲೇಪಗಳು ಪುಟಿಯುವ ಬೆಳಕನ್ನು ಅರ್ಧ ಶೇಕಡಕ್ಕೂ ಕೆಳಗಿಳಿಸುತ್ತವೆ. ಹಳೇ ಲೆನ್ಸಿಗೆ ಆ ಭಾಗ್ಯವಿಲ್ಲ, ಅದಕ್ಕೇ ಹುಡ್, ಅಂದರೆ ಲೆನ್ಸಿನ ಮುಂದೆ ನೆರಳು ಕೊಡುವ ಕೊಳವೆ ಬೇಕು.

ಹುಡ್ಡಿಗೆ ದುಡ್ಡು ಸುರಿಯಬೇಕಿಲ್ಲ. ಹೊಳಪಿಲ್ಲದ ಕಪ್ಪು ಡ್ರಾಯಿಂಗ್ ಶೀಟನ್ನು ಲೆನ್ಸಿನ ಮೂತಿಗೆ ಸುತ್ತಿ ಅಂಟಿಸಿ (ಹೀಲಿಯೋಸ್ 44-2ರ ಫಿಲ್ಟರ್ ತಿರುಪು 49 ಮಿ.ಮೀ.). ಮೊದಲು 5 ಸೆಂ.ಮೀ. ಮುಂದೆ ಚಾಚಲಿ. ಅಪರ್ಚರ್ ಪೂರ್ತಿ ತೆರೆದು, ಬಿಳಿ ಗೋಡೆಗೆ ಹಿಡಿದು, ಹುಡ್ ಇಲ್ಲದೆ ಒಂದು, ಇಟ್ಟು ಒಂದು ಚಿತ್ರ ತೆಗೆಯಿರಿ. ಎರಡನೆಯದರ ಮೂಲೆ ಹೆಚ್ಚು ಕಪ್ಪಾಗಿದ್ದರೆ ಅರ್ಧ ಸೆಂಟಿಮೀಟರಿನಂತೆ ಕತ್ತರಿಸುತ್ತಾ ಬನ್ನಿ. ಎರಡೂ ಒಂದೇ ಥರ ಕಂಡಲ್ಲಿ ನಿಲ್ಲಿಸಿ.

ಇಷ್ಟಾದರೂ ಚಿತ್ರದ ನಡುವೆ ಬಿಳಿ ಮಚ್ಚೆಯೋ ಮಂಜೋ ಉಳಿದರೆ ಹಳೇ ಲೆನ್ಸನ್ನು ಹೊಸ ಕ್ಯಾಮೆರಾಗೆ ಕೂರಿಸುವ ಉಂಗುರ, ಅಂದರೆ ಅಡಾಪ್ಟರನ್ನು ಅನುಮಾನಿಸಿ. ಎಂ42 ಅನ್ನುವ ತಿರುಪಿನ (ಹೀಲಿಯೋಸ್ 44-2ರದೂ ಇದೇ) ಲೆನ್ಸಿನ ಕೂರುವ ಅಂಚಿನಿಂದ ಫಿಲ್ಮಿಗೆ 45.46 ಮಿ.ಮೀ. ದೂರ. ಸೋನಿ ಇ-ಮೌಂಟ್ ಕ್ಯಾಮೆರಾದಲ್ಲಿ ಆ ದೂರ 18 ಮಿ.ಮೀ. ಮಾತ್ರ, ಉಳಿದ 27.46 ಮಿ.ಮೀ. ಅಡಾಪ್ಟರಿನ ಪಾಲು. ಅಷ್ಟುದ್ದದ ಲೋಹದ ಕೊಳವೆಯ ಒಳಗೋಡೆ ಹೊಳೆಯುತ್ತಿದ್ದರೆ, ಲೆನ್ಸಿಗೆ ಎಷ್ಟು ನೆರಳು ಕೊಟ್ಟೂ ದಂಡ. ಲೆನ್ಸಿಗೆ ಅಡಾಪ್ಟರ್ ಹಾಕಿ, ಕಿಟಕಿಯತ್ತ ಹಿಡಿದು, ಹಿಂದಿನಿಂದ ಸ್ವಲ್ಪ ಓರೆಯಾಗಿ ಇಣುಕಿ. ಒಳಗೆ ಮಿಂಚುವ ಉಂಗುರ ಕಂಡರೆ ಅಲ್ಲಿಗೆ ಕಪ್ಪು ವೆಲ್ವೆಟ್ ಪೇಪರ್ ಅಂಟಿಸಿ. ಎಳೆ ಉದುರುವ ಬಟ್ಟೆ ಬೇಡ, ಸೆನ್ಸರ್ ಮೇಲೆ ಕೂರುತ್ತದೆ. ನಿಕಾನ್ ಡಿಎಸ್ಎಲ್ಆರ್ ಇರುವವರಿಗೆ ಬೇರೆಯದೇ ತೊಂದರೆ: ಅಲ್ಲಿನ ದೂರ 46.5 ಮಿ.ಮೀ., ಲೆನ್ಸಿಗೆ ಬೇಕಾದದ್ದಕ್ಕಿಂತ ಹೆಚ್ಚು, ಹಾಗಾಗಿ ಬರೀ ಅಡಾಪ್ಟರಿನಿಂದ ದೂರದ ಗುಡ್ಡದ ಗಾಳಿಯಂತ್ರಗಳಿಗೆ ಫೋಕಸ್ ಸಿಗುವುದೇ ಇಲ್ಲ.

ಹಳೇ ಲೆನ್ಸ್ ಕ್ಯಾಮೆರಾಗೆ ಗುರುತು ಸಿಗದು, ಹಾಗಾಗಿ ಅದರಲ್ಲಿ ‘ಲೆನ್ಸ್ ಇಲ್ಲದೆಯೂ ಶಟರ್’ ಅನ್ನುವ ಆಯ್ಕೆ ಆನ್ ಮಾಡಿ. ಬಾಡಿಯಲ್ಲೇ ಕೈನಡುಕ ತಡೆಯುವ ಸ್ಟೆಬಿಲೈಸರ್ ಇದ್ದರೆ ಫೋಕಲ್ ಲೆಂತ್ 58 ಎಂದು ತುಂಬಿ. ಬೇರೆ ಸಂಖ್ಯೆ ಕೊಟ್ಟರೆ ಸ್ಟೆಬಿಲೈಸರೇ ಚಿತ್ರವನ್ನು ಅಲುಗಿಸುತ್ತದೆ.

ಕೋಟೆಯ ಬಂಡೆ ಸೀಳಲು ಹೊಡೆದ ಉಳಿ ಗುಳಿಗಳ ಸಾಲನ್ನು ಒಂದು ಮೀಟರ್ ದೂರದಿಂದ ತೆಗೆಯುತ್ತೀರಿ ಎನ್ನಿ. ಎಪಿಎಸ್-ಸಿ (ಫಿಲ್ಮ್ ಚೌಕಟ್ಟಿಗಿಂತ ಚಿಕ್ಕ) ಸೆನ್ಸರಿನಲ್ಲಿ ಎಫ್/2 ಇಟ್ಟರೆ ಚೊಕ್ಕವಾಗಿ ಕಾಣುವ ಆಳ ಎರಡೂವರೆ ಸೆಂಟಿಮೀಟರೂ ಇಲ್ಲ. ಓರೆಯಾಗಿ ನಿಂತರೆ ಒಂದು ಗುಳಿ ಚೊಕ್ಕ, ಪಕ್ಕದ್ದು ಮಸುಕು. ಕಿಂಡಿ ಕಿರಿದಾಗಿಸಿ ಎಫ್/5.6ಕ್ಕೆ ತಂದರೆ ಅದು ಆರು ಸೆಂಟಿಮೀಟರ್ ದಾಟುತ್ತದೆ, ಲೆನ್ಸಿನ ಚೂಪೂ ಅಲ್ಲಿ ಬಹಳ ಹೆಚ್ಚುತ್ತದೆ. ಹೀಲಿಯೋಸ್ 44-2ರಲ್ಲಿ ಅಪರ್ಚರಿಗೆ ಎರಡು ರಿಂಗ್. ಟಿಕ್ ಟಿಕ್ ಎನ್ನುವುದನ್ನು 5.6ಕ್ಕೆ ನಿಲ್ಲಿಸಿ. ಸದ್ದಿಲ್ಲದ್ದನ್ನು ಪೂರ್ತಿ ತೆರೆದು, ಪರದೆಯಲ್ಲಿ ಚಿತ್ರ ಹಿಗ್ಗಿಸಿ ಫೋಕಸ್ ಮಾಡಿ, ಆಮೇಲೆ ತಡೆಯುವ ತನಕ ತಿರುಗಿಸಿ ಶಟರ್ ಒತ್ತಿ. ಚೊಕ್ಕ ಕಂಡ ಅಂಚಿಗೆ ಕ್ಯಾಮೆರಾ ಎಳೆಯುವ ಫೋಕಸ್ ಪೀಕಿಂಗಿನ ಬಣ್ಣದ ಗೆರೆಯೊಂದನ್ನೇ ನಂಬಬೇಡಿ, ಗ್ರಾನೈಟಿನ ಹರಳುಗಳಿಗೆ ಅದು ಎಲ್ಲೆಂದರಲ್ಲಿ ಮಿನುಗುತ್ತದೆ. ಈ ಲೆನ್ಸಿಗೆ ಹೆಸರು ತಂದ ಸುಳಿಸುಳಿಯಾದ ಹಿನ್ನೆಲೆ ಬೇಕೆಂದರೆ ಎಫ್/2 ಸರಿ, ಹಿಂದೆ ಎಲೆಗಳ ಸಂದಿಯಲ್ಲಿ ಬೆಳಕಿರಬೇಕು. ಎಪಿಎಸ್-ಸಿಯಲ್ಲಿ ಅಂಚು ಕತ್ತರಿಸಿ ಹೋಗುವುದರಿಂದ ಸುಳಿ ಅರೆಬರೆ. ಅದಕ್ಕಾಗಿಯೇ ಲೆನ್ಸ್ ಕೊಳ್ಳುವುದು ನಷ್ಟದ ಬಾಬತ್ತು.

ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ನಾಲ್ಕು ಧೂಳಿನ ಕಣ, ಒಂದು ಗೀರು ಚಿತ್ರಕ್ಕೇನೂ ಮಾಡವು. ಜೇಡರಬಲೆಯಂಥ ಎಳೆ ಕಂಡರೆ ಬೂಷ್ಟು, ಅದು ಲೇಪವನ್ನೇ ತಿಂದಿರಬಹುದು. ಗಾಜೆಲ್ಲ ಹೊಗೆ ಹಿಡಿದಂತಿದ್ದರೂ ಬಿಡಿ, ಆ ಮಂಜು ಹುಡ್ಡಿಗೆ ಬಗ್ಗುವುದಿಲ್ಲ.

ಹುಡ್ ಸೋಲುವ ಜಾಗವೂ ಉಂಟು. ಓಬವ್ವನ ಕಿಂಡಿಯಂಥ ಇಕ್ಕಟ್ಟಿನಲ್ಲಿ ಕತ್ತಲ ಕಲ್ಲಿನ ನಡುವೆ ಬೆಳಗುವ ಆಕಾಶ ಚೌಕಟ್ಟಿನೊಳಗೇ ಬಂದರೆ ಹೊರಗಿನ ನೆರಳು ಏನು ಮಾಡೀತು? ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಆ ಬಿಳಿ ತುಂಡನ್ನು ಬಂಡೆಯ ಅಂಚಿನ ಹಿಂದೆ ಮರೆಮಾಡಿ ತೆಗೆಯಿರಿ.